ಉಣ್ಣೆಯ ಮೇಲೆ ಲೇಸು ಕೂರಬೇಕಾದರೆ

ಲೇಸಿನ ಕಾಲರನ್ನು ಸೇಫ್ಟಿ ಪಿನ್ನಿನಿಂದ ಸ್ವೆಟರಿಗೆ ಚುಚ್ಚಿಕೊಂಡು ಓಡಾಡುವ ಹುಡುಗಿಯರನ್ನು ಕಂಡರೆ ನನಗೆ ಸುಮ್ಮನಿರಲು ಆಗುವುದಿಲ್ಲ. ಧನುರ್ಮಾಸದ ನಸುಕಿನಲ್ಲಿ ದೇವಸ್ಥಾನಕ್ಕೆ ಹೋದರೆ ಇಂಥವರು ಸಾಲಾಗಿ ಸಿಗುತ್ತಾರೆ. ಡಿಸೆಂಬರ್ 16ರ ಸುಮಾರಿಗೆ ಧನುರ್ಮಾಸ ಹಿಡಿದರೆ ಸಂಕ್ರಾಂತಿಯವರೆಗೂ ಮೈಸೂರಿನಲ್ಲಿ ಬೆಳಗಿನ ಚಳಿ ಚೆನ್ನಾಗಿಯೇ ಇರುತ್ತದೆ, ಬೀರುವಿನೊಳಗಿನ ಉಣ್ಣೆ ಬಟ್ಟೆಗಳೆಲ್ಲ ಹೊರಗೆ ಬರುತ್ತವೆ. ಬರಲಿ, ಸಂತೋಷ. ಅಜ್ಜಿಯ ಪೆಟ್ಟಿಗೆಯಲ್ಲಿದ್ದ ಲೇಸನ್ನು ತೆಗೆದು ತೊಡುತ್ತಾರೆಂದರೆ ಇನ್ನೂ ಸಂತೋಷ. ಆದರೆ ಯಾರೋ ತಿಂಗಳುಗಟ್ಟಲೆ ಕೂತು ಹೆಣೆದ ಲೇಸಿನ ಎಳೆಗೆ ಪಿನ್ನು ಚುಚ್ಚಿ, ಅದರ ಮೇಲೆ ಜಿಪ್ಪಿನ ಜಾಕೆಟ್ ಎಳೆದು, ಹೆಗಲಿಗೆ ಬ್ಯಾಗಿನ ಪಟ್ಟಿ ಹಾಕಿಕೊಂಡು ಉಜ್ಜಾಡಿದರೆ ಒಂದೇ ಚಳಿಗಾಲಕ್ಕೆ ಅದು ಚಿಂದಿಯಾಗುತ್ತದೆ. ಆಮೇಲೆ ‘ಹಳೆಯ ದಾರ, ಬಾಳಿಕೆಯಿಲ್ಲ’ ಎನ್ನುತ್ತಾರೆ. ತಪ್ಪು ದಾರದ್ದಲ್ಲ, ತೊಟ್ಟವರ ಅವಸರದ್ದು.

ಲೇಸಿನ ಅಂದವೆಲ್ಲ ಅದರ ತೂತುಗಳಲ್ಲಿದೆ. ಆ ತೂತುಗಳ ಹಿಂದೆ ಏನು ಕಾಣುತ್ತದೆ ಎಂಬುದನ್ನು ಮೊದಲು ನೋಡಬೇಕು. ಹಿಂದೆ ಜಡೆ ಹೆಣಿಗೆಯ ಸ್ವೆಟರೋ ಚೌಕಳಿ ಕೋಟೋ ಹೂಬಳ್ಳಿಯ ಶಾಲೋ ಇದ್ದರೆ ಲೇಸು ಎಲ್ಲಿದೆ ಎಂದು ಹುಡುಕಬೇಕಾಗುತ್ತದೆ. ನುಣುಪಾದ, ಒಂದೇ ಬಣ್ಣದ, ಸ್ವಲ್ಪ ಕಡುವಾದ ಉಣ್ಣೆ ಇರಲಿ: ಮರೂನ್, ಬಾಟಲ್ ಹಸಿರು, ಕಡುನೀಲಿ, ಕಾಫಿಪುಡಿ ಬಣ್ಣ. ಕೆನೆಬಣ್ಣದ ಉಣ್ಣೆಯ ಮೇಲೆ ಅಚ್ಚಬಿಳಿ ಲೇಸು ಹಾಕಿದರೆ ಉಣ್ಣೆಯೇ ಮಾಸಿದಂತೆ ಕಾಣುತ್ತದೆ. ಹಾಕಲೇಬೇಕೆಂದರೆ ಲೇಸನ್ನು ತೆಳುವಾದ ಚಹಾ ಡಿಕಾಕ್ಷನ್ನಿನಲ್ಲಿ ಅದ್ದಿ ತೆಗೆಯಿರಿ, ಬಿಳುಪಿನ ಚುರುಕು ಇಳಿಯುತ್ತದೆ. ಡಿಕಾಕ್ಷನ್ನನ್ನು ಬಟ್ಟೆಯಲ್ಲಿ ಸೋಸಿರಬೇಕು, ಅದಕ್ಕೆ ಹಾಲು ಸಕ್ಕರೆ ಸೋಕಿರಬಾರದು ಎಂದು ಬಿಡಿಸಿ ಹೇಳಬೇಕಾಗಿಲ್ಲ ತಾನೇ?

ಒಂದು ಸಲಕ್ಕೆ ಒಂದೇ ಲೇಸು. ಕತ್ತಿಗೂ ಲೇಸು, ಮುಂಗೈಗೂ ಲೇಸು, ಮೇಲೊಂದು ಲೇಸಿನ ಸ್ಟೋಲ್ ಎಂದರೆ ಯಾವುದನ್ನು ನೋಡುವುದು? ಸೀರೆ ಉಡುವವರು ಕಾಲರಿನ ಆಸೆ ಬಿಡಿ. ಸ್ವೆಟರಿನ ಮೇಲೆ ಸೆರಗು ಬಂದಾಗ ಎಡಭಾಗದ ಲೇಸು ಅದರಡಿ ಮುಚ್ಚಿಹೋಗಿ ಬಲಗಡೆ ಅರ್ಧ ಮಾತ್ರ ಉಳಿಯುತ್ತದೆ, ಸೆರಗಿನ ಪಿನ್ನೂ ಅಲ್ಲೇ ಸಿಕ್ಕಿಕೊಳ್ಳುತ್ತದೆ. ಅವರಿಗೆ ತೋಳಿನ ತುದಿಯಲ್ಲಿ, ಮಣಿಕಟ್ಟಿನ ಹತ್ತಿರ ಎರಡು ಬೆರಳಗಲದ ಲೇಸು ಸಾಕು. ಬಳೆ ಆ ಕೈಗೆ ಕಡಿಮೆ ಇರಲಿ. ಕಾಲರ್ ಹಾಕುವವರು ನೆಕ್ಲೇಸನ್ನು ಮನೆಯಲ್ಲಿಡಿ, ಮಾಂಗಲ್ಯದ ಸರವನ್ನು ಒಳಗೆ ಸೇರಿಸಿ, ಕಿವಿಗೆ ಓಲೆ ಸಾಕು. ಜುಮುಕಿ ಲೇಸಿಗೆ ಸಿಕ್ಕಿಕೊಂಡರೆ ಕಿವಿಯೂ ಹರಿಯುತ್ತದೆ, ಲೇಸೂ ಹರಿಯುತ್ತದೆ. ಕಲ್ಲಿನ ಉಂಗುರವಿರುವ ಕೈಯಲ್ಲಿ ಲೇಸನ್ನು ಸರಿಪಡಿಸಿಕೊಳ್ಳಲೇಬೇಡಿ. ಕಲ್ಲು ಹಿಡಿದಿರುವ ಆ ಚಿಕ್ಕ ಚಿಕ್ಕ ಹಲ್ಲುಗಳಿಗೆ ಒಂದು ಎಳೆ ಸಿಕ್ಕರೆ ಸಾಲು ಪೂರ್ತಿ ಸುರುಟಿಕೊಳ್ಳುತ್ತದೆ.

ನಮ್ಮ ಮನೆಗಳ ಮಕ್ಕಳು ಈಗ ಹಿಮ ಬೀಳುವ ಊರುಗಳಲ್ಲೂ ಇದ್ದಾರೆ. ಅವರಿಗೆ ಹೇಳುವುದೇ ಬೇರೆ. ಹತ್ತಿಯ ಲೇಸು ಚಳಿ ತಡೆಯುವುದಿಲ್ಲ, ಗಾಳಿ ಅದರ ತೂತುಗಳಿಂದಲೇ ಒಳಗೆ ಬರುತ್ತದೆ. ಕತ್ತಿಗೆ ಒಳಗಡೆ ತೆಳುವಾದ ಉಣ್ಣೆಯ ಮಫ್ಲರ್ ಸುತ್ತಿ ಅದರ ಮೇಲೆ ಲೇಸಿನ ಸ್ಕಾರ್ಫನ್ನು ಸಡಿಲವಾಗಿ ಇಳಿಬಿಡಿ, ಕೋಟಿನ ಗುಂಡಿ ಹಾಕಿದ ಮೇಲೆ ಒಂದು ಗೇಣಿನಷ್ಟು ಕಂಡರೆ ಸಾಕು. ಬೆಚ್ಚಗೂ ಇರಬೇಕು ಲೇಸೂ ಬೇಕು ಎನ್ನುವವರಿಗೆ ಉಣ್ಣೆಯಲ್ಲೇ ಹೆಣೆದ ಲೇಸು ಇದೆ. ಸ್ಕಾಟ್ಲೆಂಡಿನ ಶೆಟ್‌ಲೆಂಡ್ ದ್ವೀಪಗಳ ಶಾಲು, ಮೇಕೆಯ ಒಳರೋಮದಿಂದ ಮಾಡುವ ರಷ್ಯಾದ ಒರೆನ್‌ಬರ್ಗ್ ಶಾಲು ಎರಡೂ ಎಷ್ಟು ನವಿರೆಂದರೆ ಇಡೀ ಶಾಲನ್ನು ಮದುವೆಯ ಉಂಗುರದೊಳಗಿನಿಂದ ಎಳೆದು ತೋರಿಸುತ್ತಾರೆ. ಶೆಟ್‌ಲೆಂಡಿನವರು ಆ ಶಾಲನ್ನು ತೊಳೆದ ಮೇಲೆ ಹಗ್ಗಕ್ಕೆ ನೇತುಹಾಕುವುದಿಲ್ಲ, ಮರದ ಚೌಕಟ್ಟಿಗೆ ಬಿಗಿದು ಒಣಗಿಸುತ್ತಾರೆ. ಇದನ್ನು ನೆನಪಿಟ್ಟುಕೊಳ್ಳಿ, ನಾನು ಹೇಳಹೊರಟಿರುವುದೂ ಅದನ್ನೇ.

ಅದಕ್ಕೆ ಮೊದಲು ನಿಮ್ಮ ಕೈಯಲ್ಲಿರುವುದು ಹತ್ತಿಯೋ ನೈಲಾನೋ ತಿಳಿದುಕೊಳ್ಳಿ. ತುದಿಯ ಒಂದು ಎಳೆ ಕತ್ತರಿಸಿ ಸುಟ್ಟು ನೋಡಿ. ಹತ್ತಿಯಾದರೆ ಉರಿದು ಬೂದಿಯಾಗುತ್ತದೆ, ನೈಲಾನಾದರೆ ಕರಗಿ ಗಟ್ಟಿ ಮಣಿಯಾಗುತ್ತದೆ. ಮಣಿ ಕಟ್ಟುವುದಕ್ಕೆ ಗಂಜಿಯೂ ಹಿಡಿಯದು, ಬಿಸಿ ಇಸ್ತ್ರಿಯೂ ಆಗದು, ಅದರ ಪಾಡಿಗೆ ಅದನ್ನು ಬಿಡಿ. ಹೊಸದು ಕೊಳ್ಳುವವರು ಆಂಧ್ರದ ನರಸಾಪುರದ ಕ್ರೋಶೆ ಲೇಸನ್ನು ನೋಡಿ. ಗೋದಾವರಿ ತೀರದ ಹೆಂಗಸರು ಮನೆಯಲ್ಲೇ ಕೂತು ಕೊಕ್ಕೆಸೂಜಿ ಹಿಡಿದು ಹತ್ತಿ ದಾರದಲ್ಲಿ ಹೆಣೆಯುವ ಕೆಲಸ ಅದು, ಆ ಸೀಮೆಯದೇ ಕಸುಬು ಎನ್ನುವ ಭೌಗೋಳಿಕ ಸೂಚಿ (ಜಿಐ) ಮಾನ್ಯತೆಯೂ ಸಿಕ್ಕಿದೆ.

ಮಡಿಕೇರಿಯಲ್ಲಿದ್ದ ನನ್ನ ಸೋದರತ್ತೆಗೆ ಒಂದೇ ಒಂದು ಮರೂನ್ ಕಾರ್ಡಿಗನ್ ಇತ್ತು. ಮಂಜು ಮುಸುಕಿದ ಬೆಳಗ್ಗೆ ಅದನ್ನು ತೊಟ್ಟು ಹೊರಟರೆ ಕತ್ತಿನ ಸುತ್ತ ಬಿಳಿ ಲೇಸು ಮುದ್ರೆಯೊತ್ತಿದ ಹಾಗೆ ಕೂತಿರುತ್ತಿತ್ತು, ಒಂದು ಮೂಲೆಯೂ ಮುದುಡುತ್ತಿರಲಿಲ್ಲ. ಅಂಗಡಿಯ ಸ್ಪ್ರೇ ಅಲ್ಲ, ಇಸ್ತ್ರಿಯೂ ಅಲ್ಲ. ಗಂಜಿ ಮತ್ತು ಗುಂಡುಸೂಜಿ. ನಾನು ಅವರಿಂದಲೇ ಕಲಿತದ್ದು, ಇಂದಿಗೂ ಬೇರೆ ಯಾವ ವಿಧಾನವನ್ನೂ ಒಪ್ಪುವುದಿಲ್ಲ.

ಕುಕ್ಕರಿನ ಅನ್ನದಲ್ಲಿ ಗಂಜಿ ಎಲ್ಲಿ ಬರಬೇಕು? ಅವತ್ತೊಂದು ದಿನವಾದರೂ ಪಾತ್ರೆಯಲ್ಲಿ ಧಾರಾಳವಾಗಿ ನೀರಿಟ್ಟು ಅಕ್ಕಿ ಬೇಯಿಸಿ ಬಸಿಯಿರಿ. ಉಪ್ಪು, ಎಣ್ಣೆ ಏನೂ ಬೀಳಬಾರದು. ಬಸಿದದ್ದನ್ನು ಮಲ್ ಬಟ್ಟೆಯಲ್ಲಿ ಸೋಸಿ, ತಣಿದ ಮೇಲೆ ಇನ್ನೊಮ್ಮೆ ಸೋಸಿ. ಒಂದು ಅಗುಳಿನ ಚೂರು ಉಳಿದರೂ ಒಣಗಿದಾಗ ಲೇಸಿನ ತೂತಿನಲ್ಲಿ ಬಿಳಿ ಕಲೆಯಾಗಿ ಕೂರುತ್ತದೆ. ಆಮೇಲೆ ನೀರು ಬೆರೆಸುತ್ತಾ ಹೋಗಿ. ಹೆಬ್ಬೆರಳು ತೋರುಬೆರಳು ಅದ್ದಿ ಉಜ್ಜಿದರೆ ಅಂಟು ಇದೆಯೋ ಇಲ್ಲವೋ ಎನ್ನುವಷ್ಟು ತೆಳುವಾಗಬೇಕು. ಮಂದವಾದರೆ ಕಾಲರ್ ಕತ್ತಿಗೆ ಚುಚ್ಚುತ್ತದೆ.

ಲೇಸನ್ನು ಸೌಮ್ಯವಾದ ಸೋಪಿನ ನೀರಿನಲ್ಲಿ ಅದುಮಿ ಅದುಮಿ ತೊಳೆದು, ಸೋಪು ಪೂರ್ತಿ ಹೋದ ಮೇಲೆ ಗಂಜಿಯಲ್ಲಿ ಮುಳುಗಿಸಿ. ಹಿಂಡಬೇಡಿ. ಟರ್ಕಿ ಟವೆಲಿನ ಮೇಲೆ ಹಾಸಿ, ಸುರುಳಿ ಸುತ್ತಿ, ಅಂಗೈಯಿಂದ ಒತ್ತಿ ನೀರು ತೆಗೆಯಿರಿ. ಹಳೆಯ ಹತ್ತಿ ಹಾಸಿಗೆಯ ಮೇಲೆ ಒಗೆದ ಬಿಳಿ ಪಂಚೆಯನ್ನು ಬಿಗಿಯಾಗಿ ಹೊದಿಸಿ ಅದರ ಮೇಲೆ ಲೇಸನ್ನು ಹರಡಿ. ಸೂಜಿಗಳು ಹಿತ್ತಾಳೆಯವೋ ಸ್ಟೀಲಿನವೋ ಆಗಿರಲಿ. ತುಕ್ಕು ಹಿಡಿಯುವ ಸೂಜಿ ಚುಚ್ಚಿದರೆ ಆ ಕಲೆ ಜನ್ಮದಲ್ಲಿ ಹೋಗುವುದಿಲ್ಲ. ಮೊದಲ ಸೂಜಿ ಕಾಲರಿನ ಹಿಂಬದಿಯ ನಟ್ಟನಡುವೆ, ಆಮೇಲೆ ಎರಡು ತುದಿ, ಆಮೇಲೆ ನಡುವಿನ ಸೂಜಿಗೂ ಒಂದೊಂದು ತುದಿಗೂ ಮಧ್ಯ. ಎಡಕ್ಕೊಂದು ಚುಚ್ಚಿದರೆ ಬಲಕ್ಕೊಂದು, ಹಾಗೆಯೇ ಹೋಗಬೇಕು. ಒಂದೇ ಕಡೆಯಿಂದ ಚುಚ್ಚುತ್ತ ಬಂದರೆ ಲೇಸು ಓರೆಯಾಗಿ ಎಳೆದುಕೊಳ್ಳುತ್ತದೆ. ಕತ್ತಿನ ಅಂಚು ಮುಗಿದ ಮೇಲೆ ಹೊರ ಅಂಚಿಗೆ ಬನ್ನಿ. ಪ್ರತಿ ಎಸಳಿನ ತುದಿಗೂ ಒಂದು, ಎರಡು ಎಸಳು ಸೇರುವ ಸಂದಿಗೂ ಒಂದು, ರಂಗೋಲಿಯ ಚುಕ್ಕಿ ಇಟ್ಟ ಹಾಗೆ. ಸೂಜಿಯ ತಲೆ ಹೊರಕ್ಕೆ ವಾಲಿರಲಿ, ಆಗ ದಾರ ಜಾರುವುದಿಲ್ಲ. ತುದಿಯಲ್ಲಿರುವ ಪುಟ್ಟ ಕುಣಿಕೆಗಳನ್ನು ಸೂಜಿಮೊನೆಯಿಂದ ಒಂದೊಂದಾಗಿ ಎತ್ತಿ ಬಿಡಿಸಿ, ಇಲ್ಲದಿದ್ದರೆ ಗಂಜಿಗೆ ಅಂಟಿ ಗಂಟಾಗುತ್ತವೆ. ಕೋಣೆಯಲ್ಲಿ ನೆರಳಲ್ಲೇ ಒಂದು ರಾತ್ರಿ ಬಿಡಿ. ಬೆಳಗ್ಗೆ ಸೂಜಿ ತೆಗೆಯುವ ಮುನ್ನ ಮುಟ್ಟಿ ನೋಡಿ, ತಣ್ಣಗೆ ಅನಿಸಿದರೆ ಒಣಗಿಲ್ಲ ಎಂದರ್ಥ. ‘ಹೇರ್ ಡ್ರೈಯರ್ ಹಿಡಿದರೆ ಆಗದೇ ಅಜ್ಜಿ?’ ಎಂದು ಮೊಮ್ಮಗಳು ಕೇಳುತ್ತಾಳೆ. ಆಗುವುದಿಲ್ಲ. ಒಂದು ಕಡೆ ಬೇಗ ಒಣಗಿ ಇನ್ನೊಂದು ಕಡೆ ಹಸಿಯಿದ್ದರೆ ಅಂಚು ಸೊಟ್ಟಗಾಗುತ್ತದೆ. ಒಂದು ರಾತ್ರಿ ಕಾಯುವಷ್ಟು ತಾಳ್ಮೆಯಿಲ್ಲದವರು ಲೇಸಿನ ತಂಟೆಗೇ ಬರಬಾರದು.

ಈ ಕಾಲದಲ್ಲಿ ಮನೆತುಂಬ ಅವರೆಕಾಯಿ ಬೇರೆ. ಅವರೆ ಸುಲಿದ ಕೈಯಲ್ಲಿ ಲೇಸು ಮುಟ್ಟಬೇಡಿ, ಸೊಗಡಿನ ಜಿಡ್ಡು ಬಿಳಿ ದಾರಕ್ಕೆ ಹತ್ತುತ್ತದೆ.

ಲೇಸನ್ನು ಸ್ವೆಟರಿಗೆ ನೇರವಾಗಿ ಹೊಲಿಯಬಾರದು. ಉಣ್ಣೆ ಹಿಗ್ಗುತ್ತದೆ, ಹತ್ತಿ ಹಿಗ್ಗುವುದಿಲ್ಲ. ಎಳೆದಾಟದಲ್ಲಿ ಹರಿಯುವುದು ಲೇಸೇ. ಅದರ ಕತ್ತಿನ ಅಂಚಿಗೆ ಬೆರಳಗಲದ ಮಲ್ ಪಟ್ಟಿಯನ್ನು ಸಣ್ಣ ಹೊಲಿಗೆಯಲ್ಲಿ ಕಾಯಂ ಆಗಿ ಕೂಡಿಸಿಡಿ. ತೊಡುವ ಹಿಂದಿನ ದಿನ ಆ ಪಟ್ಟಿಯನ್ನು ಸ್ವೆಟರಿನ ಕತ್ತಿನ ಒಳಗಡೆಗೆ ಸಡಿಲವಾದ ಕಚ್ಚಾ ಹೊಲಿಗೆಯಲ್ಲಿ ಹಿಡಿಸಿ, ಲೇಸನ್ನು ಹೊರಕ್ಕೆ ಮಗುಚಿ. ದಾರ ಸ್ವೆಟರಿನ ಬಣ್ಣದ್ದೇ ಇರಲಿ, ಕೊನೆಗೆ ಗಂಟು ಹಾಕಬೇಡಿ, ಒಂದು ಹಿಮ್ಮೊಗ ಹೊಲಿಗೆ ಹಾಕಿ ತುದಿ ಬಿಡಿ. ತೆಗೆಯುವಾಗ ಒಂದು ಎಳೆತಕ್ಕೆ ಕಳಚಿಕೊಳ್ಳುತ್ತದೆ. ತಲೆಯ ಮೇಲಿಂದ ತೊಡುವ ಸ್ವೆಟರಾದರೆ ಕಾಲರ್ ಮುಂದೋ ಹಿಂದೋ ಬಿಚ್ಚಿಕೊಂಡಿರಬೇಕು, ಇಲ್ಲವಾದರೆ ತಲೆಯೇ ತೂರುವುದಿಲ್ಲ. ಲೇಸು ಕೂಡಿಸಿದ ಸ್ವೆಟರನ್ನು ಹಾಗೆಯೇ ವಾಷಿಂಗ್ ಮೆಷಿನ್ನಿಗೆ ಹಾಕುವವರಿಗೆ ನಾನು ಹೇಳುವುದು ಏನೂ ಉಳಿದಿಲ್ಲ.

ಶಿವರಾತ್ರಿಗೆ ಚಳಿ ಶಿವಶಿವಾ ಎಂದು ಹೋದ ಮೇಲೆ ಲೇಸನ್ನು ಗಂಜಿಯ ಸಮೇತ ಎತ್ತಿಡಬೇಡಿ. ಉಣ್ಣೆಗೆ ನುಸಿ ಬಿದ್ದರೆ ಗಂಜಿಗೆ ಜಿರಲೆ ಮತ್ತು ಪುಸ್ತಕ ತಿನ್ನುವ ಬೆಳ್ಳಿಬಣ್ಣದ ಹುಳು ಬೀಳುತ್ತವೆ. ಉಗುರುಬೆಚ್ಚಗಿನ ನೀರಿನಲ್ಲಿ ನೆನೆಸಿ ಗಂಜಿಯೆಲ್ಲ ಬಿಟ್ಟ ಮೇಲೆ ಚೆನ್ನಾಗಿ ಒಣಗಿಸಿ. ಮಡಚಿದರೆ ಗೆರೆ ಬಿದ್ದ ಕಡೆ ಎಳೆ ಸವೆಯುತ್ತದೆ, ಹಾಗಾಗಿ ರಟ್ಟಿನ ಕೊಳವೆಗೆ ಬಿಳಿ ಬಟ್ಟೆ ಸುತ್ತಿ ಅದರ ಮೇಲೆ ಲೇಸನ್ನು ಸುತ್ತಿಡಿ. ಪ್ಲಾಸ್ಟಿಕ್ ಕವರ್ ಬೇಡ, ಒಳಗೆ ತೇವ ನಿಂತು ಹಳದಿಯಾಗುತ್ತದೆ. ಹಳೆಯ ಪಂಚೆಯ ತುಂಡು ಸಾಕು. ನುಸಿಗುಳಿಗೆ ಸ್ವೆಟರಿನ ಪಕ್ಕದಲ್ಲಿ ಚೀಲದೊಳಗೆ ಇರಲಿ, ಲೇಸಿಗೆ ತಾಗಬಾರದು. ಹಳೆಯ ಪತ್ರಿಕೆಯಲ್ಲಂತೂ ಸುತ್ತಲೇಬೇಡಿ, ಮಸಿ ಹತ್ತುತ್ತದೆ.