ಹಳೆಯ ಸರ್ವರ್ ಒಂದರಲ್ಲಿ 20 ವಿಂಡೋಸ್: ನನ್ನ ಅನುಭವ

ಹುಬ್ಬಳ್ಳಿಯ ಲೆಕ್ಕಪರಿಶೋಧಕರ ಕಚೇರಿಗಳಿಗಾಗಿ ಟ್ಯಾಲಿ ಓಡಿಸುವ ಸುಮಾರು 20 ವಿಂಡೋಸ್ ವಿಎಂಗಳನ್ನು (ಒಂದೇ ಯಂತ್ರದೊಳಗೆ ತಂತ್ರಾಂಶದಿಂದ ರೂಪಿಸಿದ ವರ್ಚುವಲ್ ಕಂಪ್ಯೂಟರ್‌ಗಳನ್ನು), ಒಂದೂಕಾಲು ಲಕ್ಷ ರೂಪಾಯಿಗೆ ಕೊಂಡ ಬಳಸಿದ ಸರ್ವರ್‌ನಲ್ಲಿ ಕೆವಿಎಂ (ವಿಎಂಗಳನ್ನು ಓಡಿಸುವ ಲಿನಕ್ಸ್‌ನ ಹೈಪರ್‌ವೈಸರ್ ತಂತ್ರಾಂಶ) ಮೇಲೆ ನಡೆಸುತ್ತೇನೆಂದಾಗ ನಮ್ಮ ವೃತ್ತಿಯವರು ಯಾರೂ ನಂಬಲಿಲ್ಲ. ಟ್ಯಾಕ್ಸ್ ಆಡಿಟ್‌ನ ಸೆಪ್ಟೆಂಬರ್ ನೂಕುನುಗ್ಗಲನ್ನು ಆ ಯಂತ್ರ ಒಂದು ದೂರೂ ಬಾರದಂತೆ ದಾಟಿತು. ಕ್ಲೌಡ್‌ಗೆ ತಿಂಗಳಿಗೆ 40 ಸಾವಿರದ ಆಸುಪಾಸು ತೆರುತ್ತಿದ್ದೆ. ಈಗ ವಿದ್ಯುತ್ತು, ಎರಡು ಇಂಟರ್ನೆಟ್ ಸಂಪರ್ಕ ಎಲ್ಲ ಸೇರಿ 11 ಸಾವಿರ ದಾಟುವುದಿಲ್ಲ. ವಿಂಡೋಸ್ ಪರವಾನಗಿಯನ್ನು ಈ ಲೆಕ್ಕಕ್ಕೆ ಹಿಡಿದಿಲ್ಲ.

ಯಂತ್ರದಲ್ಲಿರುವುದು ತಲಾ 14 ಕೋರುಗಳ ಎರಡು ಝೀಯಾನ್ ಇ5-2680 ವಿ4 ಮತ್ತು 256 ಜಿಬಿ ಮೆಮೊರಿ. ಮೊದಲು ಕಾಡಿದ್ದು ಖಾಲಿ ಕುಳಿತ ವಿಎಂಗಳು. ಯಾರೂ ಲಾಗಿನ್ ಆಗದ ರಾತ್ರಿಯಲ್ಲೂ ಪ್ರತಿಯೊಂದೂ ಒಂದು ಕೋರಿನ ಶೇ. 15ರಷ್ಟನ್ನು ತಿನ್ನುತ್ತಿತ್ತು. ವಿಎಂಗಳ ಚಟುವಟಿಕೆ ಎಣಿಸುವ 'ಪರ್ಫ್ ಕೆವಿಎಂ ಸ್ಟ್ಯಾಟ್' ಆಜ್ಞೆ ಹಾಕಿದಾಗ ಕಾರಣ ಸಿಕ್ಕಿತು: ವಿಂಡೋಸ್ ಎಮ್ಯುಲೇಟ್ ಆದ (ತಂತ್ರಾಂಶ ಅನುಕರಿಸುವ) ಟೈಮರನ್ನು ಮುಟ್ಟಿದಾಗಲೆಲ್ಲ ಪ್ರೊಸೆಸರ್ ಗೆಸ್ಟ್‌ನಿಂದ, ಅಂದರೆ ವಿಎಂನಿಂದ, ಹೊರಬಿದ್ದು ಹೈಪರ್‌ವೈಸರ್‌ನ ಕೈಗೆ ಹೋಗುತ್ತಿತ್ತು, ಅದೂ ಸೆಕೆಂಡಿಗೆ ಸಾವಿರಾರು ಸಲ. ಎಚ್‌ಪಿಇಟಿ ಎಂಬ ಎಮ್ಯುಲೇಟ್ ಆದ ಟೈಮರನ್ನು ತೆಗೆದು, ಹೈಪರ್-ವಿ ಎನ್‌ಲೈಟನ್‌ಮೆಂಟ್‌ಗಳಲ್ಲಿ (ತಾನು ವಿಎಂನಲ್ಲಿದ್ದೇನೆಂದು ವಿಂಡೋಸ್‌ಗೆ ತಿಳಿಸುವ ಸೌಲಭ್ಯಗಳಲ್ಲಿ) ವಿಎಂಗೆಂದೇ ಇರುವ ಹಗುರವಾದ ಸಿಂಥೆಟಿಕ್ ಟೈಮರ್ ಕೊಟ್ಟ ಮೇಲೆ ಆ ಬಳಕೆ ಶೇ. 2ಕ್ಕೋ 3ಕ್ಕೋ ಇಳಿಯಿತು. ಡಿಸ್ಕಿಗೆ ವಿಎಂಗಳಿಗೆಂದೇ ಇರುವ ವರ್ಟ್‌ಐಒ ಸ್ಕಝಿ ಸಂಪರ್ಕ ಸಾಕಾಯಿತು. ಝಡ್‌ಎಫ್‌ಎಸ್ ಕಡತವ್ಯವಸ್ಥೆಯ ಮೇಲೆ ಕ್ಯೂಕೌ2 ಎಂಬ ಡಿಸ್ಕ್ ಕಡತ ಇಟ್ಟರೆ ಕಾಪಿ-ಆನ್-ರೈಟ್ (ಬದಲಾದದ್ದನ್ನು ಹಳೆಯದರ ಮೇಲೆ ಬರೆಯದೆ ಹೊಸ ಜಾಗದಲ್ಲಿ ಬರೆಯುವುದು) ಎರಡೆರಡು ಪದರವಾಗುತ್ತದೆ, ಆದ್ದರಿಂದ ಝೀವಾಲ್ (ಝಡ್‌ಎಫ್‌ಎಸ್ ಕೊಡುವ ವರ್ಚುವಲ್ ಡಿಸ್ಕ್) ಮೇಲೆ ಆ ಪದರವಿಲ್ಲದ ರಾ ರೂಪದಲ್ಲೇ ಇಟ್ಟಿದ್ದೇನೆ.

ಹೆಚ್ಚು ಹೊತ್ತು ತಿಂದದ್ದು ನ್ಯೂಮಾ, ಅಂದರೆ ಪ್ರತಿ ಪ್ರೊಸೆಸರ್‌ಗೂ ತನ್ನ ಬಳಿಯ ಮೆಮೊರಿ ಬೇಗ, ಇನ್ನೊಂದರ ಬಳಿಯದು ತಡವಾಗಿ ಸಿಗುವ ರಚನೆ. ಒಂದು ಸಾಕೆಟ್‌ನಲ್ಲಿ (ಪ್ರೊಸೆಸರ್ ಕೂರುವ ಜಾಗದಲ್ಲಿ) ಓಡುವ ವಿಎಂನ ಮೆಮೊರಿ ಇನ್ನೊಂದು ಸಾಕೆಟ್‌ನ ಬಳಿ ಇದ್ದರೆ, ಟ್ಯಾಲಿಯ ದೊಡ್ಡ ವರದಿಗಳು ಮಧ್ಯಾಹ್ನದ ಹೊತ್ತಿಗೆ ತೆವಳುತ್ತಿದ್ದವು. ಪ್ರತಿ ವಿಸಿಪಿಯುವನ್ನು (ವಿಎಂಗೆ ಕಾಣುವ ವರ್ಚುವಲ್ ಪ್ರೊಸೆಸರನ್ನು) ಒಂದೊಂದು ಕೋರಿಗೆ ಕಟ್ಟಿಹಾಕುವ ಎಲ್ಲರ ಸಲಹೆ ಇಲ್ಲಿ ಫಲಿಸಲಿಲ್ಲ, ಏಕೆಂದರೆ 80 ವಿಸಿಪಿಯುಗಳಿಗೆ ಇರುವುದು ಕೋರಿಗೆ ಎರಡರಂತೆ 56 ಥ್ರೆಡ್ ಮಾತ್ರ. ವಿಎಂ ಅನ್ನು ಸಾಕೆಟ್‌ಗೆ ಮಾತ್ರ ಕಟ್ಟಿ, ಒಳಗಿನ ಹಂಚಿಕೆಯನ್ನು ಶೆಡ್ಯೂಲರ್‌ಗೆ ಬಿಟ್ಟದ್ದೇ ಸರಿಹೋಯಿತು. ಯಾವ ಕಚೇರಿಗಳನ್ನು ಒಟ್ಟಿಗೆ ಕೂರಿಸಬೇಕು ಎಂಬ ನನ್ನ ಸೂತ್ರವನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ; ನನ್ನ ಅನ್ನ ಅದರಲ್ಲಿದೆ.

ನಡುವೆ ಮೆಮೊರಿ ಉಳಿಸುವ ಕೆಎಸ್‌ಎಂ ಎಂಬ ಲಿನಕ್ಸ್ ಸೌಲಭ್ಯವನ್ನೂ ಪರೀಕ್ಷಿಸಿದೆ. ಒಂದೇ ಆವೃತ್ತಿಯ ವಿಂಡೋಸ್‌ಗಳ ಮೆಮೊರಿಯ ಸಮಾನ ಪುಟಗಳನ್ನು ಬೆಸೆದು 30 ಜಿಬಿಯಷ್ಟು ಉಳಿಸಿತು. ಆದರೆ ಪುಟ ಹಂಚಿಕೆಯ ಮೂಲಕ ಒಂದು ವಿಎಂ ಇನ್ನೊಂದರ ಮಾಹಿತಿಯನ್ನು ಊಹಿಸುವ ದಾಳಿಗಳು ಸಾಧ್ಯ. ಬೇರೆ ಬೇರೆ ಕಕ್ಷಿದಾರರ ಲೆಕ್ಕ ಒಂದೇ ಪೆಟ್ಟಿಗೆಯಲ್ಲಿರುವಾಗ ಆ ಉಳಿತಾಯ ಬೇಡವೆಂದು ಕೆಎಸ್‌ಎಂ ನಿಲ್ಲಿಸಿ, ಮೆಮೊರಿಗೆ ಇನ್ನೊಂದು 18 ಸಾವಿರ ಹಾಕಿದೆ.

ಈಗ ಎರಡನೆಯ ಸರ್ವರ್ ಕೊಳ್ಳುತ್ತಿದ್ದೇನೆ. ವಿಎಂಗಳ ಸಿಪಿಯು ಮಾದರಿಯನ್ನು 'ಹೋಸ್ಟ್' (ಸರ್ವರ್‌ನ ಪ್ರೊಸೆಸರನ್ನೇ ವಿಎಂಗೆ ತೋರಿಸುವುದು) ಎಂದೇ ಉಳಿಸಿಕೊಂಡು ಲೈವ್ ಮೈಗ್ರೇಶನ್ (ಓಡುತ್ತಿರುವ ವಿಎಂ ಅನ್ನು ನಿಲ್ಲಿಸದೆ ಇನ್ನೊಂದು ಸರ್ವರ್‌ಗೆ ಸಾಗಿಸುವುದು) ಮಾಡಬೇಕಿರುವುದರಿಂದ, ಅದಕ್ಕೂ ಇದೇ ಪ್ರೊಸೆಸರ್ ಇರಲೇಬೇಕೆಂದು ಮಾರಾಟಗಾರರಿಗೆ ಹೇಳಿದ್ದೇನೆ.