ವಿದೇಶದಲ್ಲಿ ನಡೆಯುವ ಕೋರ್ಸು: ನಾನು ಯೋಜನೆ ಹಾಕುವ ಬಗೆ

ವಿದ್ಯಾರ್ಥಿಗಳ ಗುಂಪನ್ನು ಪಾಠಕ್ಕೆಂದು ವಿದೇಶಕ್ಕೆ ಕರೆದೊಯ್ದಿದ್ದೀರಿ, ರಾತ್ರಿ ಹತ್ತು ಗಂಟೆಗೆ ಅವರಲ್ಲಿ ಒಬ್ಬನನ್ನು ಆಸ್ಪತ್ರೆಗೆ ಸೇರಿಸಬೇಕಾಯಿತು ಎಂದುಕೊಳ್ಳಿ. ಮರುದಿನ ಬೆಳಗ್ಗೆ ಉಳಿದವರ ಪಾಠ ಯಾರು ನಡೆಸುತ್ತಾರೆ? ಈ ಪ್ರಶ್ನೆಗೆ ಹೆಸರು ಹಿಡಿದು ಉತ್ತರ ಸಿಗುವವರೆಗೆ ನಾನು ಟಿಕೆಟಿನ ತಂಟೆಗೆ ಹೋಗುವುದಿಲ್ಲ.

ಇಷ್ಟು ವಿದ್ಯಾರ್ಥಿಗಳಿಗೆ ಒಬ್ಬ ಅಧ್ಯಾಪಕ ಎಂಬ ಲೆಕ್ಕ ಕಡತಕ್ಕೆ ಚೆಂದ, ಕೆಲಸಕ್ಕೆ ಸಾಲದು. ಗುಂಪು ಎಷ್ಟು ಕಡೆ ಒಡೆಯಬಹುದು ಎಂದು ಲೆಕ್ಕ ಹಾಕಬೇಕು. ಒಬ್ಬರು ಆಸ್ಪತ್ರೆಯಲ್ಲಿ, ಒಬ್ಬರು ಗುಂಪಿನ ಜೊತೆ. ಹಾಗೆ ಒಬ್ಬರೇ ಉಳಿದಾಗ ಇನ್ನೊಬ್ಬನಿಗೆ ಹೊಟ್ಟೆ ಕೆಟ್ಟರೆ ಮೂರನೆಯವರು ಬೇಕೇ ಬೇಕು. ಹಾಗಾಗಿ ಇಪ್ಪತ್ತು ವಿದ್ಯಾರ್ಥಿಗಳ ಗುಂಪಿಗೂ ಮೂವರು ದೊಡ್ಡವರನ್ನು ಇಡುತ್ತೇನೆ, ಅವರಲ್ಲಿ ಒಬ್ಬರಿಗಾದರೂ ಸ್ಥಳೀಯ ಭಾಷೆ ಬರಬೇಕು. ಆಸ್ಪತ್ರೆಗೆ ಯಾರು ಹೋಗುತ್ತಾರೆ ಎಂಬುದು ಹೊರಡುವ ಮೊದಲೇ ಗೊತ್ತಾಗಿರುತ್ತದೆ. ಅವರ ಕೈಯಲ್ಲಿ ಸಾಕಷ್ಟು ಮಿತಿಯಿರುವ ಕ್ರೆಡಿಟ್ ಕಾರ್ಡ್ ಇರಬೇಕು, ಏಕೆಂದರೆ ಎಷ್ಟೋ ಆಸ್ಪತ್ರೆಗಳು ಮುಂಗಡ ಕಟ್ಟಿಸಿಕೊಳ್ಳುತ್ತವೆ, ವಿಮೆಯ ಹಣ ಆಮೇಲೆ ಬರುತ್ತದೆ. ಗುಂಪು ವಾಪಸಾಗುವ ದಿನವೂ ರೋಗಿ ಹಾಸಿಗೆಯಲ್ಲೇ ಇದ್ದರೆ ಜೊತೆಗೆ ಉಳಿಯುವವರು ಅವರೇ. ಆದ್ದರಿಂದ ಅವರ ವೀಸಾಕ್ಕೆ ಸಾಧ್ಯವಾದಷ್ಟು ಹೆಚ್ಚು ದಿನ ಕೇಳಬೇಕು, ಅವರ ಟಿಕೆಟು ದಿನಾಂಕ ಬದಲಿಸಲು ಬರುವಂಥದ್ದಾಗಿರಬೇಕು.

ಪಾಠದ ಕಡೆಗೆ ಒಂದೇ ನಿಯಮ: ತರಗತಿಯಲ್ಲೇ ಕಲಿಯಬಹುದಾದದ್ದನ್ನು ಪ್ರವಾಸದಲ್ಲಿ ಇಡಬಾರದು. ಪ್ರತಿ ದಿನದ ಎದುರು ಆ ದಿನದ ಕಲಿಕೆಯ ಉದ್ದೇಶ ಬರೆದಾಗ ನೆಪಮಾತ್ರದ ಭೇಟಿಗಳು ತಾವಾಗಿ ಉದುರುತ್ತವೆ. ಬಂದಿಳಿದ ದಿನ ಅಂಕವಿರುವ ಕೆಲಸ ಇಡುವುದಿಲ್ಲ. ದಿನಕ್ಕೆ ಎರಡಕ್ಕಿಂತ ಹೆಚ್ಚು ಸ್ಥಳ ಬೇಡ. ಬಿಗಿಯಾದ ವೇಳಾಪಟ್ಟಿ ನಿದ್ದೆಗೆಡಿಸುತ್ತದೆ, ನಿದ್ದೆಗೆಟ್ಟವರೇ ಹೆಚ್ಚು ಎಡವುತ್ತಾರೆ, ಪಾಸ್‌ಪೋರ್ಟ್ ಕಳೆಯುತ್ತಾರೆ.

ಕಾಗದಪತ್ರದ ಕೆಲಸ ಒಂದು ವರ್ಷ ಮುಂಚೆ ಶುರು. ಆತಿಥೇಯ ಸಂಸ್ಥೆಯ ಪತ್ರ ಮತ್ತು ವಿಶ್ವವಿದ್ಯಾಲಯದ ಒಪ್ಪಿಗೆ ಮೊದಲು, ವಿದ್ಯಾರ್ಥಿಗಳ ಆಯ್ಕೆ ಎಂಟು ತಿಂಗಳಿರುವಾಗ. ಆಯ್ಕೆಯಾದವರ ಪಾಸ್‌ಪೋರ್ಟ್ ಅದೇ ವಾರ ಕಣ್ಣಾರೆ ನೋಡುತ್ತೇನೆ. ಹಲವು ದೇಶಗಳು ಆರು ತಿಂಗಳ ಅವಧಿ ಬಾಕಿಯಿರಬೇಕು ಎನ್ನುತ್ತವೆ. ಷೆಂಗೆನ್ ದೇಶಗಳಿಗೆ, ಅಂದರೆ ಒಂದೇ ವೀಸಾದಲ್ಲಿ ಓಡಾಡಬಹುದಾದ ಯುರೋಪಿನ ದೇಶಗಳಿಗೆ, ಅಲ್ಲಿಂದ ಹೊರಡುವ ದಿನದ ನಂತರ ಮೂರು ತಿಂಗಳು ಸಾಕು, ಆದರೆ ಪಾಸ್‌ಪೋರ್ಟ್ ಕಳೆದ 10 ವರ್ಷದೊಳಗೆ ಕೊಟ್ಟದ್ದಾಗಿರಬೇಕು, ಎರಡು ಪುಟ ಖಾಲಿಯಿರಬೇಕು. ಷೆಂಗೆನ್ ವೀಸಾ ಅರ್ಜಿಯನ್ನು ಪ್ರಯಾಣಕ್ಕೆ ಆರು ತಿಂಗಳಿಗಿಂತ ಮೊದಲು ತೆಗೆದುಕೊಳ್ಳುವುದಿಲ್ಲ. ತೀರ್ಮಾನಕ್ಕೆ ಸಾಮಾನ್ಯವಾಗಿ 15 ದಿನ, ಕೆಲವೊಮ್ಮೆ 45. ನಿಜವಾಗಿ ತಡವಾಗುವುದು ಅರ್ಜಿ ಕೊಡಲು ವೀಸಾ ಕೇಂದ್ರದವರು ಭೇಟಿಯ ದಿನ ಗೊತ್ತುಮಾಡುವುದರಲ್ಲಿ. ಆ ವೀಸಾಕ್ಕೆ ಕೇಳುವ 30,000 ಯೂರೋ ವೈದ್ಯಕೀಯ ವಿಮೆ ಕನಿಷ್ಠ ಮಿತಿ ಅಷ್ಟೇ. ರೋಗಿಯನ್ನು ವಿಮಾನದಲ್ಲಿ ಮಲಗಿಸಿ ಕರೆತರಬೇಕಾದರೆ ಆ ಮೊತ್ತ ಬೇಗ ಕರಗುತ್ತದೆ. ವಿಮೆಯಲ್ಲಿ ಮೊದಲು ಓದಬೇಕಾದದ್ದು ಹೊರಗಿಟ್ಟ ಸಂಗತಿಗಳ ಪುಟ: ಹಳೆಯ ಕಾಯಿಲೆ, ಮಾನಸಿಕ ಆರೋಗ್ಯ, ಕುಡಿದಾಗ ಆದ ಪೆಟ್ಟು, ಚಾರಣ, ದ್ವಿಚಕ್ರ ವಾಹನ.

ಒಂದೇ ತರಗತಿಯಲ್ಲಿ ಬೇರೆ ಬೇರೆ ದೇಶದ ಪಾಸ್‌ಪೋರ್ಟ್‌ಗಳಿದ್ದರೆ ಪ್ರತಿಯೊಬ್ಬರಿಗೂ ವೀಸಾ ನಿಯಮ ಪ್ರತ್ಯೇಕ. ನಡುವೆ ವಿಮಾನ ಬದಲಿಸುವ ದೇಶದ ವೀಸಾವನ್ನೂ, ಓದುತ್ತಿರುವ ದೇಶಕ್ಕೆ ಮರಳಿ ಬರುವ ಅನುಮತಿಯನ್ನೂ ನೋಡಬೇಕು. ಉಪನಾಮವಿಲ್ಲದೆ ಒಂದೇ ಹೆಸರಿರುವವರ ಟಿಕೆಟನ್ನು ವಿಮಾನ ಸಂಸ್ಥೆಯನ್ನು ಕೇಳಿಯೇ ಮಾಡಿಸಬೇಕು, ಊಹೆಯಿಂದ ತುಂಬಿದರೆ ವಿಮಾನ ನಿಲ್ದಾಣದಲ್ಲಿ ಪಾಡು ಪಡಬೇಕಾಗುತ್ತದೆ.

ಆರೋಗ್ಯದ ವಿವರವನ್ನು ನಾನು ಕೇಳುವುದು ಆಯ್ಕೆ ಮುಗಿದ ಮೇಲೆ. ಮೊದಲೇ ಕೇಳಿದರೆ ಸೀಟು ಕೈತಪ್ಪುತ್ತದೆಂದು ಮುಚ್ಚಿಡುತ್ತಾರೆ, ಅದು ಅನ್ಯಾಯವೂ ಹೌದು. ಮಾತ್ರೆಗಳ ಹೆಸರನ್ನು ಕಂಪನಿಯ ಹೆಸರಿನಲ್ಲಲ್ಲ, ಔಷಧದ ಮೂಲ ಹೆಸರಿನಲ್ಲಿ ಬರೆಸುತ್ತೇನೆ. ಆಗ ಗಮ್ಯ ದೇಶದ ನಿಯಮದೊಂದಿಗೆ ಹೋಲಿಸಿ ನೋಡಬಹುದು. ಏಕಾಗ್ರತೆಯ ಸಮಸ್ಯೆಗೆ ಕೊಡುವ ಆಂಫೆಟಮಿನ್ ಮಾತ್ರೆಗಳನ್ನು ವೈದ್ಯರ ಚೀಟಿಯಿದ್ದರೂ ಜಪಾನಿಗೆ ಒಯ್ಯುವಂತಿಲ್ಲ. ಟ್ರಮಡಾಲ್, ಕೊಡೀನ್ ನೋವುನಿವಾರಕಗಳಿಗೆ ಯುಎಇಯಲ್ಲಿ ಮುಂಚಿತ ಅನುಮತಿ ಬೇಕು. ಬದಲಿ ಔಷಧ ಒಗ್ಗುತ್ತದೆಯೇ ಎಂದು ನೋಡಲು ವೈದ್ಯರಿಗೆ ವಾರಗಳು ಬೇಕು, ಆದ್ದರಿಂದ ಈ ವಿಚಾರಣೆ ಮೂರು ತಿಂಗಳಿರುವಾಗಲೇ ಮುಗಿಯಬೇಕು. ಹಳದಿ ಜ್ವರದ ಲಸಿಕೆಯ ಪ್ರಮಾಣಪತ್ರಕ್ಕೆ ಮಾನ್ಯತೆ ಬರುವುದು ಚುಚ್ಚಿಸಿದ 10 ದಿನದ ನಂತರ.

ವಿಷಜಂತು, ಕಳ್ಳಕಾಕರ ಬಗ್ಗೆ ಎಲ್ಲರೂ ಕೇಳುತ್ತಾರೆ, ರಸ್ತೆಯ ಬಗ್ಗೆ ಯಾರೂ ಕೇಳುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ 5ರಿಂದ 29ರ ವಯಸ್ಸಿನವರ ಸಾವಿಗೆ ಮೊದಲ ಕಾರಣ ರಸ್ತೆ ಅಪಘಾತ. ಊರಿಂದೂರಿಗೆ ಕತ್ತಲಲ್ಲಿ ಪ್ರಯಾಣವಿಲ್ಲ, ಬೆಲ್ಟ್ ಇಲ್ಲದ ಬಸ್ಸು ಹತ್ತುವುದಿಲ್ಲ, ದಿನವಿಡೀ ಪಾಠ ಮಾಡಿದ ಅಧ್ಯಾಪಕರು ಗಾಡಿ ಓಡಿಸುವುದಿಲ್ಲ. ಐರೋಪ್ಯ ಒಕ್ಕೂಟದಲ್ಲಿ ಬಸ್ ಚಾಲಕ ನಾಲ್ಕೂವರೆ ಗಂಟೆ ಓಡಿಸಿದ ಮೇಲೆ 45 ನಿಮಿಷ ವಿರಾಮ ಕಡ್ಡಾಯ. ಬೇರೆ ಕಡೆಯೂ ನಾನು ಅದನ್ನೇ ಅಳತೆಯಾಗಿ ಹಿಡಿಯುತ್ತೇನೆ. ಬಿಡುವಿನ ವೇಳೆಯಲ್ಲೂ ಬಾಡಿಗೆ ಸ್ಕೂಟರ್ ಬೇಡ ಎಂಬುದನ್ನು ವಿದ್ಯಾರ್ಥಿಗಳು ಸಹಿ ಹಾಕುವ ಪತ್ರದಲ್ಲೇ ಬರೆದಿರುತ್ತದೆ.

ತಲೆ ಎಣಿಸುವುದು ನಂಬುವಂಥದ್ದಲ್ಲ, ದಾರಿಹೋಕರೂ ಸೇರಿಬಿಡುತ್ತಾರೆ. ಪ್ರತಿಯೊಬ್ಬರಿಗೂ ಒಂದು ಸಂಖ್ಯೆ ಕೊಟ್ಟು ಕೂಗಿಸಿದರೆ ಯಾರಿಲ್ಲ ಎಂಬುದು ತಕ್ಷಣ ತಿಳಿಯುತ್ತದೆ. ಇಬ್ಬಿಬ್ಬರ ಜೋಡಿಗಿಂತ ನಾಲ್ವರ ಗುಂಪು ಮೇಲು: ಜೋಡಿ ಒಟ್ಟಿಗೇ ತಪ್ಪಿಸಿಕೊಂಡರೆ ಹೇಳುವವರೇ ಇರುವುದಿಲ್ಲ. ಫೋನ್ ಸತ್ತಾಗಲೂ ಕೆಲಸಕ್ಕೆ ಬರುವಂತೆ ವಸತಿಯ ವಿಳಾಸ, ಮೂವರು ಅಧ್ಯಾಪಕರ ನಂಬರು, ವಿಮೆಯ ಸಂಖ್ಯೆ, ಅಲ್ಲಿನ ತುರ್ತು ನಂಬರು ಇರುವ ಕಾಗದದ ಚೀಟಿ ಎಲ್ಲರ ಜೇಬಿನಲ್ಲಿರಬೇಕು.

ಸಲಕರಣೆಗಳಲ್ಲೂ ತೊಡಕುಂಟು. ಡ್ರೋನನ್ನು ಮೊರಾಕ್ಕೊ ಗಡಿಯಲ್ಲೇ ತಡೆಯುತ್ತದೆ, ಉಪಗ್ರಹ ಫೋನಿಗೆ ಭಾರತದಲ್ಲಿ ಅನುಮತಿ ಬೇಕು. 100 ವ್ಯಾಟ್-ಅವರ್ ಒಳಗಿನ ಪವರ್ ಬ್ಯಾಂಕ್, ಅಂದರೆ ಸುಮಾರು 27,000 ಎಂಎಎಚ್ ವರೆಗಿನದು, ಕೈಚೀಲದಲ್ಲಿ ಮಾತ್ರ ಹೋಗಬಹುದು.

ಹೊರಡಲು ಎರಡು ವಾರವಿರುವಾಗ ಅಧ್ಯಾಪಕರೆಲ್ಲ ಒಂದು ಗಂಟೆ ಕೂತು ಬಾಯಲ್ಲೇ ತಾಲೀಮು ನಡೆಸುತ್ತೇವೆ: ಅಪಘಾತ, ಕಾಣೆಯಾದ ವಿದ್ಯಾರ್ಥಿ, ಲೈಂಗಿಕ ಕಿರುಕುಳದ ದೂರು. ಆ ದಿನವೇ ವಿಮೆಯ ತುರ್ತು ನಂಬರಿಗೆ ಒಮ್ಮೆ ಕರೆ ಮಾಡುತ್ತೇವೆ. ಅವರು ಕೇಳುವ ಪಾಲಿಸಿ ಸಂಖ್ಯೆ, ಜನ್ಮದಿನಾಂಕ, ಮರಳಿ ಕರೆಯಬೇಕಾದ ನಂಬರು ಯಾವ ಹಾಳೆಯಲ್ಲಿವೆ ಎಂದು ಆಗ ಗೊತ್ತಾಗುತ್ತದೆ. ಮನೆಯವರಿಗೆ ಸುದ್ದಿ ಮುಟ್ಟಿಸುವವರು ವಿಶ್ವವಿದ್ಯಾಲಯದಲ್ಲಿರುವ ಒಬ್ಬರೇ. ಹತ್ತು ಜನ ಹತ್ತು ಥರ ಹೇಳುವುದು ತಪ್ಪುತ್ತದೆ.

ಹಿಂತಿರುಗಿದ ಮೇಲೂ ಎರಡು ಕೆಲಸ ಉಳಿದಿರುತ್ತವೆ. ಕೂದಲೆಳೆಯಲ್ಲಿ ತಪ್ಪಿದ ಅವಘಡಗಳನ್ನೂ ಸೇರಿಸಿ ವಾರದೊಳಗೆ ಬರೆದಿಡಬೇಕು, ಮುಂದಿನ ತಂಡಕ್ಕೆ ಅದೇ ಆಧಾರ. ಮಲೇರಿಯಾ ಇರುವ ಕಡೆಗೆ ಹೋಗಿದ್ದರೆ, ಅದನ್ನು ತಡೆಯಲು ಡಾಕ್ಸಿಸೈಕ್ಲಿನ್ ಮಾತ್ರೆ ತೆಗೆದುಕೊಳ್ಳುತ್ತಿರುವವರು ಆ ಪ್ರದೇಶ ಬಿಟ್ಟ ಮೇಲೂ ನಾಲ್ಕು ವಾರ ಮುಂದುವರಿಸಬೇಕು. ಒಂದು ವರ್ಷದವರೆಗೆ ಯಾವಾಗ ಜ್ವರ ಬಂದರೂ ಎಲ್ಲಿಗೆ ಹೋಗಿದ್ದೆವು ಎಂಬುದನ್ನು ವೈದ್ಯರಿಗೆ ಮೊದಲು ಹೇಳಬೇಕು. ಇದನ್ನು ಕೊನೆಯ ತರಗತಿಯಲ್ಲಿ ಹೇಳಿ ಬಿಡದೆ, ಅಂಕಪಟ್ಟಿಯ ಜೊತೆ ಲಿಖಿತವಾಗಿ ಮತ್ತೊಮ್ಮೆ ಕಳಿಸುತ್ತೇನೆ.