ನಮಾಜಿನ ಅರ್ಥವನ್ನು ನಾನು ಕನ್ನಡದಲ್ಲಿ ಕಲಿತದ್ದು

ವಿಜಯಪುರದ ನಮ್ಮ ಓಣಿಯಲ್ಲಿ ಜಂಪರು ಹೊಲಿಯುತ್ತ ನನಗೆ ಹದಿನೆಂಟು ವರ್ಷವಾಯಿತು. ಹೊಲಿಗೆ ಕಲಿಯಲು ಬಸವನ ಬಾಗೇವಾಡಿ ಕಡೆಯ ಹುಡುಗಿಯೊಬ್ಬಳು ಬರುತ್ತಿದ್ದಳು. ಒಂದು ಸಂಜೆ ಅಸರ್, ಅಂದರೆ ಇಳಿಹೊತ್ತಿನ ನಮಾಜ್ ಮುಗಿಸಿ, ಅದಕ್ಕೆ ಹಾಸುವ ಮುಸಲ್ಲಾ ಮಡಚುತ್ತಿದ್ದೆ. ಹುಕ್ಕು ಹಚ್ಚುತ್ತ ಕೂತಿದ್ದವಳು ಕೇಳಿದಳು: "ಅಕ್ಕಾರ, ದಿನಾ ನೋಡ್ತೀನಿ, ತುಟಿ ಅಲ್ಲಾಡಸ್ತೀರಿ. ಅದರಾಗ ಏನಂತೀರಿ?"

"ದೇವರ ನಾಮ ತಗೋತೀವಿ ತಂಗಿ."

"ಅದು ಖರೆ. ಆದ್ರ ಏನಂತ ಬೇಡ್ಕೋತೀರಿ?"

ನನಗೆ ಹೇಳಲು ಬರಲಿಲ್ಲ. ಏಳನೆಯ ವಯಸ್ಸಿನಿಂದ ಓದುತ್ತ ಬಂದ ನಮಾಜ್ ಅದು. ನಾನಿ ಪಕ್ಕದಲ್ಲಿ ನಿಲ್ಲಿಸಿಕೊಂಡು ಬಾಯಿಪಾಠ ಮಾಡಿಸಿದ್ದರು. ಅರಬ್ಬಿ ಅಕ್ಷರ ಕೂಡಿಸಿ ಕುರ್‌ಆನ್ ಓದುತ್ತೇನೆ, ಅರ್ಥವಾಗುವುದಿಲ್ಲ. ಮನೆಮಾತು ದಖನಿ, ಶಾಲೆ ಹತ್ತನೆಯವರೆಗೂ ಕನ್ನಡ. ಉರ್ದು ಓದಲು ಬರುವುದಿಲ್ಲ. ಆ ರಾತ್ರಿ ಇಶಾ ನಮಾಜಿನಲ್ಲಿ ನಿಂತಾಗ ಬಾಯಿ ತನ್ನ ಪಾಡಿಗೆ ಹೇಳಿತು, ಮನಸ್ಸು ಮಾತ್ರ ಒಂದೊಂದು ಪದದ ಹತ್ತಿರವೂ ಇದೇನು, ಇದೇನು ಎಂದು ಕೇಳುತ್ತಿತ್ತು.

ಮರುದಿನ ನೂರು ಪುಟದ ನೋಟ್‌ಬುಕ್ ತಂದೆ. ಕುರ್‌ಆನಿನ ಕನ್ನಡ ಅನುವಾದವನ್ನು ತಮ್ಮ ಕೊಡಿಸಿದ. ಎಡಪುಟದಲ್ಲಿ ನಮಾಜಿನ ಮಾತು, ಬಲಪುಟದಲ್ಲಿ ಅದರ ಕನ್ನಡ. ಒಂದು ವಾರಕ್ಕೆ ಒಂದೇ ತುಣುಕು. ಮೊದಲು ಚಿಕ್ಕವನ್ನೇ ಹಿಡಿದೆ. ರುಕೂದಲ್ಲಿ ಬಾಗಿದಾಗ ಹೇಳುವುದು "ಮಹಾನನಾದ ನನ್ನ ಪ್ರಭು ಪರಿಶುದ್ಧ" ಎಂದು. ಸಜ್ದಾದಲ್ಲಿ ಹಣೆ ನೆಲಕ್ಕೆ ಹಚ್ಚಿದಾಗ "ಅತ್ಯುನ್ನತನಾದ ನನ್ನ ಪ್ರಭು ಪರಿಶುದ್ಧ" ಎಂದು. ನಾನು ಎಲ್ಲಕ್ಕಿಂತ ಕೆಳಗೆ ಇಳಿದಿರುವ ಹೊತ್ತಿನಲ್ಲೇ ಅವನನ್ನು ಎಲ್ಲಕ್ಕಿಂತ ಮೇಲಿನವನು ಎಂದು ಕರೆಯುತ್ತಿದ್ದೆ, ಇಷ್ಟು ವರ್ಷ ಗೊತ್ತಿಲ್ಲದೆ. ಅದು ತಿಳಿದ ದಿನ ಸಜ್ದಾದಿಂದ ಬೇಗ ಏಳಲು ಆಗಲಿಲ್ಲ.

ಆಮೇಲೆ ಕುರ್‌ಆನಿನ ಮೊದಲ ಅಧ್ಯಾಯ, ಸೂರೆ ಫಾತಿಹಾ. ಏಳೇ ಆಯತ್, ಅಂದರೆ ವಚನ. ದಿನದ ಐದು ಹೊತ್ತಿನ ಫರ್ಜ್, ಅಂದರೆ ಕಡ್ಡಾಯ ನಮಾಜ್ ಕೂಡಿಸಿದರೆ ಫಜರ್ 2, ಜೋಹರ್ 4, ಅಸರ್ 4, ಮಗರಿಬ್ 3, ಇಶಾ 4, ಒಟ್ಟು 17 ರಕಾತ್. ನಿಂತು, ಬಾಗಿ, ಸಜ್ದಾ ಮಾಡುವ ಒಂದು ಸುತ್ತಿಗೆ ರಕಾತ್ ಎನ್ನುತ್ತೇವೆ. ಪ್ರತಿ ರಕಾತಿಗೂ ಫಾತಿಹಾ ಇದೆ. ಫರ್ಜ್ ಅಲ್ಲದ ಸುನ್ನತ್, ವಿತರ್ ನಮಾಜ್ ಬೇರೆ. ಸರ್ವಲೋಕಗಳ ಪಾಲಕನಿಗೆ ಸ್ತುತಿ, ಅವನು ದಯಾಮಯ, ತೀರ್ಪಿನ ದಿನದ ಒಡೆಯ ಎಂದು ಶುರುವಾಗಿ, ನಡುವೆ ಮಾತು ತಿರುಗಿ ನೇರ ಅವನೊಂದಿಗೇ ಆಗುತ್ತದೆ: ನಿನ್ನನ್ನೇ ಆರಾಧಿಸುತ್ತೇವೆ, ನಿನ್ನ ಹತ್ತಿರವೇ ಸಹಾಯ ಬೇಡುತ್ತೇವೆ, ನಮಗೆ ನೇರ ದಾರಿ ತೋರು. ನನ್ನನ್ನು ಹಿಡಿದು ನಿಲ್ಲಿಸಿದ್ದು ಆ "ನಾವು". ಬಾಗಿಲು ಹಾಕಿಕೊಂಡು ಮನೆಯಲ್ಲಿ ಒಬ್ಬಳೇ ಓದುತ್ತೇನೆ, ಆದರೂ ಬೇಡುವುದು ನಮಗೆಲ್ಲ. ಚಿಕ್ಕವಳಿದ್ದಾಗ ದಾದಾ ನನ್ನನ್ನು ಆದಿಲಶಾಹಿ ಕಾಲದ ಜುಮ್ಮಾ ಮಸೀದಿ ನೋಡಲು ಕರೆದುಕೊಂಡು ಹೋಗಿದ್ದರು. ಅಲ್ಲಿ ನೆಲದ ಮೇಲೆ ಒಬ್ಬೊಬ್ಬರಿಗೆ ಒಂದೊಂದು ಮುಸಲ್ಲಾದಷ್ಟು ಚೌಕ ಎಳೆದಿದ್ದಾರೆ, ಎರಡು ಸಾವಿರಕ್ಕೂ ಹೆಚ್ಚು. ದೊಡ್ಡವರಿಗೆ ದೊಡ್ಡದು, ಸಣ್ಣವರಿಗೆ ಸಣ್ಣದು ಎಂದಿಲ್ಲ. ಫಾತಿಹಾದ ಆ ಸಾಲು ಬಂದಾಗ ಈಗಲೂ ಆ ನೆಲ ಕಣ್ಣ ಮುಂದೆ ಬರುತ್ತದೆ.

ಅರ್ಥ ತಿಳಿದ ಮೇಲೆ ನನ್ನ ಅವಸರ ನನಗೇ ಕಾಣತೊಡಗಿತು. ಗಿರಾಕಿ ಕಾಯುತ್ತಿದ್ದಾರೆಂದು ನಾಲ್ಕು ರಕಾತ್ ಸರಸರನೆ ಮುಗಿಸುತ್ತಿದ್ದೆ. ಓಣಿಯ ಮಕ್ಕಳಿಗೆ ಕುರ್‌ಆನ್ ಕಲಿಸುವ ಉಸ್ತಾನಿ ಒಮ್ಮೆ ನೋಡಿ, "ಬೇಟಿ, ಕಾಗಿ ಕಾಳು ಕುಕ್ಕಿದಂಗ ಸಜ್ದಾ ಮಾಡಬ್ಯಾಡ ಅಂತ ಹದೀಸಿನ್ಯಾಗ ಐತಿ" ಎಂದರು. ಹದೀಸ್ ಅಂದರೆ ಪೈಗಂಬರರ ನುಡಿ, ನಡೆಯ ವರದಿ. ಬಾಗಿದಾಗ ಬೆನ್ನು ನಿಲ್ಲಬೇಕು, ಎದ್ದಾಗ ಎಲುಬು ತನ್ನ ಜಾಗಕ್ಕೆ ಬರಬೇಕು, ಆಮೇಲೆ ಮುಂದಿನದು. ಈಗ ಜಂಪರು ಕೊಡುವ ಹೊತ್ತನ್ನೇ ನಮಾಜ್ ನೋಡಿಕೊಂಡು ಹೇಳುತ್ತೇನೆ. "ಮಗರಿಬ್ ಆದ ಮ್ಯಾಲ ಬರ್ರಿ" ಎಂದರೆ ಗಿರಾಕಿಗಳು ಯಾರೂ ಬೇಜಾರು ಮಾಡಿಕೊಂಡಿಲ್ಲ.

ನಮಾಜಿಗೆ ಮುಂಚೆ ಕೈಕಾಲು, ಮುಖ ತೊಳೆಯುವ ವಜೂ ಬಗ್ಗೆಯೂ ಹೇಳಬೇಕು, ನಮ್ಮದು ನೀರಿನ ಬೆಲೆ ಗೊತ್ತಿರುವ ಜಿಲ್ಲೆ. ಬೇಸಿಗೆಯಲ್ಲಿ ನಳದ ದಾರಿ ಕಾಯುತ್ತೇವೆ. ನಾನು ನಳ ಬಿಟ್ಟುಕೊಂಡೇ ವಜೂ ಮಾಡುತ್ತಿದ್ದೆ. ಪೈಗಂಬರರು ಒಂದು ಮುದ್ದ್ ನೀರಿನಲ್ಲಿ ವಜೂ ಮಾಡುತ್ತಿದ್ದರೆಂದು ಉಸ್ತಾನಿ ಹೇಳಿದರು. ಅದು ಮುಕ್ಕಾಲು ಲೀಟರಿನ ಆಸುಪಾಸು, ನಮ್ಮ ಒಂದು ಚರಗಿ. ಫರ್ಜ್ ನಾಲ್ಕೇ: ಮುಖ ತೊಳೆಯುವುದು, ಮೊಣಕೈವರೆಗೆ ಕೈ, ಒದ್ದೆಗೈಯಿಂದ ತಲೆ ಸವರುವುದು, ಹರಡಿನವರೆಗೆ ಕಾಲು. ಮೊದಲ ಕೆಲವು ದಿನ ಕಾಲಿಗೆ ಬರುವಷ್ಟರಲ್ಲಿ ಚರಗಿ ಖಾಲಿ. ಧಾರೆ ಸಣ್ಣ ಮಾಡುವುದು ರೂಢಿಯಾದ ಮೇಲೆ ಸಾಕಾಯಿತು. ನೀರೇ ಸಿಗದಿದ್ದರೆ, ಅಥವಾ ನೀರು ಮುಟ್ಟಿದರೆ ಕಾಯಿಲೆ ಹೆಚ್ಚುವುದಿದ್ದರೆ, ಶುದ್ಧ ಮಣ್ಣಿನ ಮೇಲೆ ಕೈಯಿಟ್ಟು ಮುಖ, ಕೈ ಸವರಿಕೊಳ್ಳುವ ತಯಮ್ಮುಮ್ ಇದೆ.

ಹುಡುಗಿಗೆ ಒಂದೊಂದಾಗಿ ಹೇಳುತ್ತ ಹೋದೆ. ಕಲಿಮಾದ ಅರ್ಥ ಹೇಳಿದೆ: ಅಲ್ಲಾಹನ ಹೊರತು ಆರಾಧನೆಗೆ ಅರ್ಹರು ಯಾರೂ ಇಲ್ಲ, ಮುಹಮ್ಮದರು ಅವನ ದೂತರು. "ಮತ್ತ ಪೈಗಂಬರರಿಗೆ ಪೂಜಾ ಮಾಡಂಗಿಲ್ಲೇನ್ರೀ?" ಎಂದಳು. "ಇಲ್ಲ ತಂಗಿ, ಅವರೂ ಮನಷ್ಯಾರ. ದೇವರ ಮಾತು ತಂದು ಮುಟ್ಟಿಸಿದವರು." ಜಿಬ್ರೀಲ್ ಎಂಬ ದೇವದೂತರ ಮೂಲಕ ಕುರ್‌ಆನ್ 23 ವರ್ಷಗಳಲ್ಲಿ ಇಳಿಯಿತು. ಅದಕ್ಕೂ ಮುಂಚಿನ ಇಬ್ರಾಹೀಮ್, ಮೂಸಾ, ಈಸಾ ಇವರನ್ನೂ ಪ್ರವಾದಿಗಳೆಂದು ನಂಬದೆ ನಮ್ಮ ಈಮಾನ್, ಅಂದರೆ ನಂಬಿಕೆ, ಪೂರ್ತಿಯಾಗುವುದಿಲ್ಲ. ಸತ್ತ ಮೇಲೆ ಎದ್ದು ಲೆಕ್ಕ ಕೊಡುವ ದಿನವಿದೆ ಎಂಬುದನ್ನೂ ಹೇಳಿದೆ. ಅವಳ ಊರಲ್ಲಿ ಮೊಹರಂಗೆ ಅಲೈ ದೇವರು ಕೂಡಿಸುತ್ತಾರೆ, ಅದೇ ನಮ್ಮ ದೊಡ್ಡ ಹಬ್ಬ ಎಂದುಕೊಂಡಿದ್ದಳು. ನಮಗೆ ಈದ್ ಎರಡು, ರಂಜಾನ್ ಮುಗಿದಾಗ ಒಂದು, ಹಜ್ಜಿನ ತಿಂಗಳಲ್ಲಿ ಬಕ್ರೀದ್ ಒಂದು ಎಂದೆ.

ರೋಜಾ, ಅಂದರೆ ರಂಜಾನಿನ ಉಪವಾಸ, ಅವಳಿಗೆ ಗೊತ್ತಿತ್ತು, ಹಸಿವೆಯಷ್ಟೇ. 2018ರ ರಂಜಾನ್ ಮೇ ಮಧ್ಯದಲ್ಲಿ ಬಂತು. ಬೆಳಗಿನ ಜಾವದ ಸಹರಿ ಊಟದಿಂದ ಸಂಜೆ ರೋಜಾ ಬಿಡುವ ಇಫ್ತಾರಿನವರೆಗೆ ಸುಮಾರು 14 ತಾಸು, ಗುಟುಕು ನೀರಿಲ್ಲ. ಹಸಿವೆ ಹೇಗೋ ತಡೆದೇನು, ಗಿರಾಕಿಯ ಮೇಲೆ ಸಿಟ್ಟು ಬಂದಾಗ ನಾಲಿಗೆ ತಡೆಯುವುದು ಕಷ್ಟವಾಗಿತ್ತು. ಸುಳ್ಳು ಬಿಡದವನ ಉಪವಾಸ ಅಲ್ಲಾಹನಿಗೆ ಬೇಕಿಲ್ಲ ಎಂಬ ಹದೀಸ್ ಓದಿದ ಮೇಲೆ "ನಾಳಿ ಕೊಡ್ತೀನಿ" ಎಂದು ಸುಳ್ಳು ವಾಯಿದೆ ಹೇಳುವುದನ್ನು ಬಿಟ್ಟೆ. ರಂಜಾನ್ ಮುಗಿದರೂ ಹೇಳುತ್ತಿಲ್ಲ. ಕಾಯಿಲೆಯವರು, ಪ್ರಯಾಣದಲ್ಲಿರುವವರು ರೋಜಾ ಮುಂದೆ ಹಾಕಬಹುದು. ಮುಟ್ಟಿನ ದಿನಗಳ ರೋಜಾ ನಾವು ಆಮೇಲೆ ಹಿಡಿದು ತೀರಿಸುತ್ತೇವೆ, ಆ ದಿನಗಳ ನಮಾಜ್ ಮಾತ್ರ ತೀರಿಸಬೇಕಿಲ್ಲ.

ಜಕಾತ್, ಅಂದರೆ ಉಳ್ಳವರು ಬಡವರಿಗೆ ಕೊಡಲೇಬೇಕಾದ ಪಾಲಿನ ವಿಷಯದಲ್ಲಿ ನಾನು ನಿಜವಾಗಿ ತಪ್ಪಿದ್ದೆ. ಬಂಗಾರ 87.48 ಗ್ರಾಂ, ಅಂದರೆ ಏಳೂವರೆ ತೊಲೆ ಆದರೆ ಮಾತ್ರ ಜಕಾತ್ ಎಂದು ಕೇಳಿದ್ದೆ. ನನ್ನದು ಐದು ತೊಲೆ, ಹಾಗಾಗಿ ಸುಮ್ಮನಿದ್ದೆ. ಮೌಲಾನಾರನ್ನು ಕೇಳಿಸಿದಾಗ ಗೊತ್ತಾಯಿತು: ಬರೀ ಬಂಗಾರವಿದ್ದರೆ ಆ ಲೆಕ್ಕ. ಜೊತೆಗೆ ಉಳಿತಾಯದ ರೊಕ್ಕವೂ ಇದ್ದರೆ ಎರಡೂ ಕೂಡಿಸಿ, 612.36 ಗ್ರಾಂ ಬೆಳ್ಳಿಯ ಬೆಲೆ ಮುಟ್ಟುತ್ತದೋ ನೋಡಬೇಕು. ಸಾಲವಿದ್ದರೆ ಕಳೆಯಬೇಕು. ಮುಟ್ಟಿ, ಚಾಂದ್ರಮಾನ ವರ್ಷ ಒಂದು ತುಂಬಿದರೆ ನಲವತ್ತರಲ್ಲಿ ಒಂದು ಪಾಲು ಕೊಡಬೇಕು. ನಾವು ಧರ್ಮಶಾಸ್ತ್ರದಲ್ಲಿ ಹನಫಿ ಪದ್ಧತಿಯವರು, ತೊಡುವ ಒಡವೆಗೆ ಕರಾವಳಿಯ ಶಾಫಿ ಪದ್ಧತಿಯವರ ಲೆಕ್ಕ ಬೇರೆ. ಹಿಂದಿನ ವರ್ಷಗಳದ್ದೂ ಬಾಕಿ ಎಂದಾಗ ಎದೆ ಧಸಕ್ಕೆಂದಿತು. ಒಡವೆ ನನ್ನದು, ಕೊಡಬೇಕಾದವಳೂ ನಾನೇ, ಗಂಡನ ಮೇಲೆ ಹಾಕುವಂತಿಲ್ಲ. ಮದುವೆ ಸೀಜನ್ನಿನ ಹೊಲಿಗೆಯಿಂದ ಕಂತಿನಲ್ಲಿ ತೀರಿಸಿದೆ. ಓಣಿಯಲ್ಲಿ ಗಂಡ ಸತ್ತ ಒಬ್ಬಾಕೆಗೆ ಕೊಟ್ಟೆ. ಇದು ಜಕಾತ್ ಎಂದು ಪಡೆಯುವವರಿಗೆ ಹೇಳಲೇಬೇಕೆಂದಿಲ್ಲ, ನಾನು ಹೇಳಲಿಲ್ಲ.

ಹಜ್ ಇನ್ನೂ ದೂರ. ಶಕ್ತಿಯಿದ್ದವರಿಗೆ ಜನ್ಮದಲ್ಲಿ ಒಮ್ಮೆ ಕಡ್ಡಾಯ. ಹೋಗುವವರ ಕೈಹಿಡಿದು ನನಗಾಗಿಯೂ ದುವಾ ಮಾಡಿರಿ ಎನ್ನುತ್ತೇನೆ.

ಹುಡುಗಿಯ ಮದುವೆಯಾಗಿ ಆಕೆ ಊರು ಬಿಟ್ಟಳು. ಹೋಗುವ ಮುಂಚೆ ನೋಟ್‌ಬುಕ್ ಇಸಿದುಕೊಂಡು ಬಲಪುಟಗಳನ್ನಷ್ಟೇ ಕೂತು ಓದಿದಳು. "ಕೊನೀಕ ಬಲಕ್ಕ, ಎಡಕ್ಕ ಹೊಳ್ಳಿ ಅನ್ನೋದು ಇದೇನ್ರೀ, ನಿಮ್ಮ ಮ್ಯಾಲ ಶಾಂತಿ ಇರಲಿ ಅಂತ?" ಎಂದಳು. ಹೌದು ಎಂದೆ. "ಹಂಗಾರ ಇಷ್ಟ ದಿನ ನಾ ಎಡಕ್ಕ ಕುಂತಿದ್ದೆ," ಎಂದಳು.

ವಿತರ್‌ನಲ್ಲಿ ಓದುವ ದುವಾ-ಎ-ಕುನೂತಿನ ಕೊನೆಯ ಸಾಲುಗಳ ಕನ್ನಡ ಇನ್ನೂ ಬರೆಯಬೇಕು. ಆ ಬಲಪುಟ ಖಾಲಿ ಇದೆ.